ಕಚ್ಚುವ ಪದ, ಕಚ್ಚದ ಪದ

2019ರ ಏಪ್ರಿಲ್ 10. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ನೂರು ವರ್ಷ ತುಂಬಲು ಇನ್ನು ಮೂರೇ ದಿನ. ಬ್ರಿಟನ್ನಿನ ಆಗಿನ ಪ್ರಧಾನಿ ಥೆರೆಸಾ ಮೇ ಸಂಸತ್ತಿನ ಕೆಳಮನೆಯಲ್ಲಿ ಎದ್ದು ನಿಂತು ಅದನ್ನು ಬ್ರಿಟಿಷ್ ಭಾರತದ ಇತಿಹಾಸದ ಮೇಲಿನ ನಾಚಿಕೆಗೇಡಿನ ಕಲೆ ಎಂದರು. ಅಲ್ಲಿ ನಡೆದುದಕ್ಕೂ ಅದರಿಂದಾದ ಯಾತನೆಗೂ ‘ಡೀಪ್ಲಿ ರಿಗ್ರೆಟ್’ ಎಂದರು. ವಿರೋಧ ಪಕ್ಷದ ನಾಯಕ ಜೆರೆಮಿ ಕಾರ್ಬಿನ್‌ಗೆ ಇದು ಸಾಲಲಿಲ್ಲ. ಸತ್ತವರಿಗೆ ಸಲ್ಲಬೇಕಾದದ್ದು ಪೂರ್ಣವಾದ, ಸ್ಪಷ್ಟವಾದ, ಎರಡರ್ಥವಿಲ್ಲದ ‘ಅಪಾಲಜಿ’ ಎಂದು ಅವರು ಹೇಳಿದರು. ಮೇ ಆ ಪದವನ್ನು ಬಳಸಲಿಲ್ಲ.

ಇಂಥ ಸುದ್ದಿ ಇಂಗ್ಲಿಷಿನಲ್ಲಿ ಪತ್ರಿಕಾ ಕಚೇರಿಗೆ ಬಂದಾಗ ಅನುವಾದಿಸುವವನ ಕೈ ತಾನಾಗಿ ‘ಕ್ಷಮೆ ಯಾಚಿಸಿದರು’ ಎಂದು ಬರೆಯಲು ಹೋಗುತ್ತದೆ. ಹಾಗೆ ಬರೆದು ಬೈಸಿಕೊಂಡವರಲ್ಲಿ ಈ ಲೇಖಕನೂ ಒಬ್ಬ. ‘ಅವರು ಕೇಳದ ಕ್ಷಮೆಯನ್ನು ಅವರ ಪರವಾಗಿ ನೀನೇ ಕೇಳಿಬಿಟ್ಟೆಯಲ್ಲಪ್ಪ’ ಎಂದು ಹಿರಿಯ ಉಪಸಂಪಾದಕರು ಅದನ್ನು ‘ವಿಷಾದ’ ಎಂದು ತಿದ್ದಿದರು. ಒಂದು ಪದದ ವ್ಯತ್ಯಾಸ. ಆದರೆ ಆ ಒಂದು ಪದವನ್ನು ಕೊಡದಿರಲು ಒಂದು ಸರ್ಕಾರ ನೂರು ವರ್ಷಗಳಿಂದ ಎಚ್ಚರ ವಹಿಸಿದೆ ಎಂದಾದರೆ ಪದದ ಒಳಗೆ ಏನಿದೆಯೆಂದು ನೋಡಬೇಕಾಗುತ್ತದೆ.

ತಪ್ಪಿನ ಅರಿವನ್ನು ಸೂಚಿಸುವ ಇಂಗ್ಲಿಷ್ ಪದಗಳಲ್ಲಿ ಹಲವು ಮೂಲತಃ ದೇಹದ ನೋವಿನ ಪದಗಳು. ‘ರಿಮೋರ್ಸ್’ ಲ್ಯಾಟಿನ್ನಿನಿಂದ ಬಂದದ್ದು, ಅರ್ಥ ಮತ್ತೆ ಮತ್ತೆ ಕಚ್ಚುವುದು. ಕ್ಯಾಂಟರ್ಬರಿಯ ಮಠವೊಂದರ ಸನ್ಯಾಸಿ, ನಾರ್ತ್‌ಗೇಟ್‌ನ ಮೈಕೆಲ್, 1340ರಲ್ಲಿ ಫ್ರೆಂಚ್ ಧರ್ಮಗ್ರಂಥವೊಂದನ್ನು ಅನುವಾದಿಸಿದಾಗ ಈ ಪರಭಾಷಾ ಪದವನ್ನು ಒಲ್ಲದೆ ಅಚ್ಚ ಇಂಗ್ಲಿಷಿನಲ್ಲಿ ‘ಅಯೆನ್‌ಬೈಟ್ ಆಫ್ ಇನ್‌ವಿಟ್’ ಎಂದು ಹೆಸರಿಟ್ಟ. ಒಳಮನಸ್ಸಿನ ಮರುಕಡಿತ ಎಂದು ಅದರ ಅರ್ಥ. ‘ಕಂಪಂಕ್ಷನ್’ ಎಂದರೆ ಚುಚ್ಚುವಿಕೆ, ನಾವು ‘ಮನಸ್ಸು ಚುಚ್ಚುತ್ತದೆ’ ಎನ್ನುವುದಿಲ್ಲವೆ, ಹಾಗೆ. ‘ಕಂಟ್ರಿಷನ್’ ಇನ್ನೂ ಕಠಿಣ: ಅರೆದು ಪುಡಿಯಾಗುವುದು. ಬಳಕೆಯಲ್ಲಿ ಸವೆದುಹೋದ ‘ಸಾರಿ’ ಕೂಡ ಹಳೆಯ ಇಂಗ್ಲಿಷಿನಲ್ಲಿ ಗಾಯ, ನೋವು ಎಂಬ ಪದದಿಂದ ಹುಟ್ಟಿದ್ದು. ಕಾಲು ತುಳಿದವನೂ ಅದನ್ನೇ ಹೇಳುತ್ತಾನೆ, ಸಾವಿನ ಮನೆಗೆ ಬಂದವನೂ ಅದನ್ನೇ ಹೇಳುತ್ತಾನೆ. ಇಂಗ್ಲಿಷಿನವರಿಗೆ ಕಡಿತವಾದದ್ದು ಸಂಸ್ಕೃತದಲ್ಲಿ ಸುಡುವಿಕೆ. ‘ಪಶ್ಚಾತ್ತಾಪ’ವೆಂದರೆ ಆಮೇಲಿನ ತಾಪ.

‘ರಿಗ್ರೆಟ್’ ಈ ಸಾಲಿಗೆ ಸೇರುವುದಿಲ್ಲ. ಹಳೆಯ ಫ್ರೆಂಚಿನಲ್ಲಿ ಅದು ಸತ್ತವರಿಗಾಗಿ ಅಳುವುದು. ಅಳುವವನು ಕೊಂದವನೇ ಆಗಿರಬೇಕಿಲ್ಲ. ಈ ಪದದ ಅನುಕೂಲವೇ ಅದು. ತಾನು ಮಾಡಿದ್ದಕ್ಕೂ ರಿಗ್ರೆಟ್, ಪರರು ಮಾಡಿದ್ದಕ್ಕೂ ರಿಗ್ರೆಟ್, ಯಾರೂ ಮಾಡದ ಮಳೆಗೂ ರಿಗ್ರೆಟ್. ನಮ್ಮ ರೈಲು ನಿಲ್ದಾಣಗಳಲ್ಲಿ ಗಾಡಿ ತಡವಾದಾಗ ಧ್ವನಿವರ್ಧಕದಲ್ಲಿ ಕೇಳುವ ಇಂಗ್ಲಿಷ್ ಪ್ರಕಟಣೆಯಲ್ಲಿ ಅಡಚಣೆ ‘ಡೀಪ್ಲಿ ರಿಗ್ರೆಟೆಡ್’ ಆಗಿರುತ್ತದೆ. ರಿಗ್ರೆಟ್ ಮಾಡುತ್ತಿರುವವರು ಯಾರೆಂದು ಆ ವಾಕ್ಯದಲ್ಲಿ ಇಲ್ಲವೇ ಇಲ್ಲ.

‘ಅಪಾಲಜಿ’ಯ ಕಥೆ ವಿಚಿತ್ರ. ಗ್ರೀಕಿನಲ್ಲಿ ಅದು ನ್ಯಾಯಾಲಯದಲ್ಲಿ ಆರೋಪಿ ಮಾಡುವ ಸಮರ್ಥನೆಯ ಭಾಷಣ. ಸಾಕ್ರಟೀಸ್ ಮಾಡಿದ್ದು ಅಂಥದ್ದು, ಅವನು ಕ್ಷಮೆ ಕೇಳಲಿಲ್ಲ. 1595ರಲ್ಲಿ ಅಚ್ಚಾದ ಫಿಲಿಪ್ ಸಿಡ್ನಿಯ ಕಾವ್ಯದ ‘ಅಪಾಲಜಿ’ಯೂ ಕಾವ್ಯದ ಸಮರ್ಥನೆಯೇ. ಸಮರ್ಥನೆಯ ಪದ ಮುಂದೆ ತಪ್ಪೊಪ್ಪಿಗೆಯ ಪದವಾಯಿತು.

ಈಗ ಅಮೃತಸರಕ್ಕೆ ಬರೋಣ. 1919ರ ಏಪ್ರಿಲ್ 13ರಂದು ಡೈಯರ್‌ನ ಸಿಪಾಯಿಗಳು ಸುಮಾರು ಹತ್ತು ನಿಮಿಷದಲ್ಲಿ ಹಾರಿಸಿದ್ದು 1,650 ಸುತ್ತು ಗುಂಡು. ಸರ್ಕಾರದ ಲೆಕ್ಕದಲ್ಲಿ ಸತ್ತವರು 379. ಕಾಂಗ್ರೆಸ್ಸಿನ ವಿಚಾರಣೆಯ ಅಂದಾಜು ಸುಮಾರು ಒಂದು ಸಾವಿರ. ಅದೇ ವರ್ಷ ನವೆಂಬರಿನಲ್ಲಿ ಲಾಹೋರಿನಲ್ಲಿ ಹಂಟರ್ ಸಮಿತಿಯ ಮುಂದೆ ಬಂದ ಡೈಯರ್‌ನಲ್ಲಿ ಮೇಲಿನ ಯಾವ ಪದದ ನೆರಳೂ ಕಾಣಲಿಲ್ಲ. ಗುಂಡು ಹಾರಿಸದೆಯೂ ಜನರನ್ನು ಚದುರಿಸಬಹುದಿತ್ತೇನೋ, ಆದರೆ ಅವರು ಮರಳಿ ಬಂದು ನಗುತ್ತಿದ್ದರು ಎಂಬುದು ಅವನ ಉತ್ತರ. ಶಸ್ತ್ರಸಜ್ಜಿತ ವಾಹನಗಳು ಒಳಗೆ ಹೋಗುವಂತಿದ್ದರೆ ಮೆಷಿನ್‌ಗನ್ ಬಳಸುತ್ತಿದ್ದೆಯಾ ಎಂದು ಕೇಳಿದಾಗ, ಬಹುಶಃ ಹೌದು ಎಂದ.

1920ರ ಜುಲೈನಲ್ಲಿ ಬ್ರಿಟಿಷ್ ಸಂಸತ್ತು ಇದನ್ನು ಚರ್ಚಿಸಿತು. ಕೆಳಮನೆಯಲ್ಲಿ ಯುದ್ಧಸಚಿವ ಚರ್ಚಿಲ್ ಘಟನೆಯನ್ನು ‘ಮಾನ್‌ಸ್ಟ್ರಸ್’, ಎಂದರೆ ರಾಕ್ಷಸೀಯ ಎಂದರು. ಮೇಲ್ಮನೆ ಮಾಡಿದ್ದು ಬೇರೆ. 129 ಮತಗಳಿಗೆ 86ರಂತೆ ಅದು ಅಂಗೀಕರಿಸಿದ ನಿರ್ಣಯದ ಮುಖ್ಯ ಕ್ರಿಯಾಪದ ‘ಡಿಪ್ಲೋರ್’. ಲ್ಯಾಟಿನ್ನಿನಲ್ಲಿ ಬಿಕ್ಕಿ ಬಿಕ್ಕಿ ಅಳುವುದು ಎಂದರ್ಥ. ಆದರೆ ಮೇಲ್ಮನೆ ಅತ್ತದ್ದು ಬಾಗ್‌ನಲ್ಲಿ ಸತ್ತವರಿಗಾಗಿ ಅಲ್ಲ, ಡೈಯರ್‌ಗೆ ಅನ್ಯಾಯವಾಯಿತೆಂದು! ಇಡೀ ಪ್ರಕರಣದಲ್ಲಿ ಪದವೊಂದು ಇದಕ್ಕಿಂತ ತಪ್ಪು ಜಾಗದಲ್ಲಿ ಬಿದ್ದದ್ದಿಲ್ಲ.

ಮುಂದಿನವರು ಪದಗಳನ್ನು ಅಳೆದು ತೂಗಿ ಬಳಸಿದರು. 1997ರ ಅಕ್ಟೋಬರಿನಲ್ಲಿ ಅಮೃತಸರಕ್ಕೆ ಹೊರಡುವ ಮುನ್ನಾದಿನ ರಾಣಿ ಎಲಿಜಬೆತ್ ಇದನ್ನು ‘ಡಿಸ್ಟ್ರೆಸಿಂಗ್’, ಎಂದರೆ ಮನಸ್ಸಿಗೆ ಸಂಕಟ ತರುವ ನಿದರ್ಶನ ಎಂದರು. ಇತಿಹಾಸವನ್ನು ತಿದ್ದಿ ಬರೆಯಲಾಗದು ಎಂಬ ಮಾತೂ ಜೊತೆಗೇ ಬಂತು. 2013ರ ಫೆಬ್ರುವರಿಯಲ್ಲಿ ಪ್ರಧಾನಿ ಡೇವಿಡ್ ಕ್ಯಾಮರಾನ್ ಸಂದರ್ಶಕರ ಪುಸ್ತಕದಲ್ಲಿ ‘ಡೀಪ್ಲಿ ಶೇಮ್‌ಫುಲ್’ ಎಂದು ಬರೆದರು. ನಾಚಿಕೆಗೇಡು ಎಂಬುದು ವಿಷಾದಕ್ಕಿಂತ ಗಟ್ಟಿ ಪದ ನಿಜ. ಆದರೆ ಅದು ಘಟನೆಗೆ ಹಚ್ಚಿದ ವಿಶೇಷಣ, ಹೇಳುವವನ ಮೇಲೆ ಏನೂ ಹೊರಿಸುವುದಿಲ್ಲ.

ಅಪಾಲಜಿಗೆ ಇಷ್ಟು ಹೆದರಿಕೆ ಏಕೆ? ಮೇ ಮಾತನಾಡುವ ಹಿಂದಿನ ದಿನ ನಡೆದ ಸಂಸದೀಯ ಚರ್ಚೆಯಲ್ಲಿ ವಿದೇಶಾಂಗ ಖಾತೆಯ ಸಚಿವ ಮಾರ್ಕ್ ಫೀಲ್ಡ್ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು: ಕ್ಷಮೆ ಕೇಳಿದರೆ ಹಣಕಾಸಿನ ಪರಿಣಾಮಗಳಿರಬಹುದೆಂಬ ಆತಂಕ ಯಾವ ಇಲಾಖೆಗೂ ಇರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 2006ರ ಪರಿಹಾರ ಕಾಯ್ದೆ ಅಪಾಲಜಿ ಹೇಳಿದ ಮಾತ್ರಕ್ಕೆ ನಿರ್ಲಕ್ಷ್ಯವನ್ನು ಒಪ್ಪಿಕೊಂಡಂತಾಗದು ಎನ್ನುತ್ತದೆ. ಆದರೂ ಸರ್ಕಾರಿ ವಕೀಲರಿಗೆ ಧೈರ್ಯವಿಲ್ಲ. ಕೀನ್ಯದ ಮೌ ಮೌ ದಂಗೆಯ ಕಾಲದಲ್ಲಿ ಚಿತ್ರಹಿಂಸೆಗೊಳಗಾದ 5,228 ಜನರಿಗೆ 2013ರ ಜೂನ್‌ನಲ್ಲಿ 1.99 ಕೋಟಿ ಪೌಂಡ್ ಕೊಡಲು ಒಪ್ಪಿದಾಗಲೂ ಬ್ರಿಟನ್ ‘ಸಿನ್ಸಿಯರ್ಲಿ ರಿಗ್ರೆಟ್’ ಎಂದಿತೇ ಹೊರತು ಕಾನೂನಿನ ಹೊಣೆಯನ್ನು ಒಪ್ಪಲಿಲ್ಲ. ದುಡ್ಡು ಕೊಟ್ಟರು, ಪದ ಕೊಡಲಿಲ್ಲ.

2019ರ ಸೆಪ್ಟೆಂಬರ್ 10ರಂದು ಬಾಗ್‌ಗೆ ಇನ್ನೊಬ್ಬ ಇಂಗ್ಲಿಷ್ ಅತಿಥಿ ಬಂದರು. ಬ್ರಿಟಿಷ್ ಸರ್ಕಾರದ ಪರವಾಗಿ ಮಾತನಾಡಲು ತಮಗೆ ಅಧಿಕಾರವಿಲ್ಲ ಎಂದ ಅವರು, ತಮಗೆ ನಾಚಿಕೆಯಾಗಿದೆ, ತಾವು ‘ಸಾರಿ’ ಎಂದರು. ಆಮೇಲೆ ಹುತಾತ್ಮರ ಸ್ಮಾರಕದ ಮುಂದೆ ನೆಲದ ಮೇಲೆ ಬೋರಲಾಗಿ ಉದ್ದಕ್ಕೆ ಮಲಗಿದರು. ಅವರು ಜಸ್ಟಿನ್ ವೆಲ್ಬಿ, ಆಗಿನ ಆರ್ಚ್‌ಬಿಷಪ್. ಒಳಮನಸ್ಸಿನ ಮರುಕಡಿತದ ಸನ್ಯಾಸಿ ಇದ್ದ ಅದೇ ಕ್ಯಾಂಟರ್ಬರಿಯವರು.