ಕೊಡಗೆಯಿಂದ ಕೊಡುಗೆಗೆ

ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹರವೆಯಿಂದ ಒಂದು ದಿಕ್ಕಿಗೆ ಚಾಮರಾಜನಗರ, ಇನ್ನೊಂದು ದಿಕ್ಕಿಗೆ ಗುಂಡ್ಲುಪೇಟೆ. ಈ ಎರಡೂ ಪೇಟೆಗಳಲ್ಲಿ ಮಗನೊಬ್ಬ ತಂದೆಗೆ ಸಲ್ಲಿಸಿದ ಕಾಣಿಕೆ ಇದೆ. ಅರಿಕುಠಾರ ಎಂಬ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆ ಚಾಮರಾಜರ ಹೆಸರಿಟ್ಟರು. 1826ರಲ್ಲಿ ಅಲ್ಲಿ ಚಾಮರಾಜೇಶ್ವರನ ಗುಡಿ ಎದ್ದಿತು. ಗುಂಡ್ಲುಪೇಟೆಯ ಪರವಾಸುದೇವ ದೇಗುಲವನ್ನು ಚಿಕ್ಕದೇವರಾಜ ಒಡೆಯರು ಕಟ್ಟಿಸಿದ್ದು ತಂದೆ ದೊಡ್ಡದೇವರಾಜರ ನೆನಪಿಗೆ. ಅದೇ ಪೇಟೆಗಳ ಅಂಗಡಿ ಬೀದಿಯಲ್ಲಿ ಇಂದು ಹಬ್ಬ ಬಂತೆಂದರೆ ಕಣ್ಣಿಗೆ ಬೀಳುವುದು ‘ವಿಶೇಷ ಕೊಡುಗೆ’ ಎಂಬ ಬರಹ. ಇಂಗ್ಲಿಷಿನ ‘ಆಫರ್’ಗೆ ಕನ್ನಡ ಬೇಕಾದಾಗ ನಾವು ಎತ್ತಿಕೊಂಡದ್ದು ಈ ಪದವನ್ನು. ಈ ಸೀಮೆಯ ಕಲ್ಲುಗಳಲ್ಲಿ ‘ಕೊಡಗೆ’ ಎಂದು ಬರುವ ಆ ಪದ ಇಂಥ ಹಗುರವಾದ ಮಾತಾಗಿರಲಿಲ್ಲ. ಒಬ್ಬ ಏನು ಮಾಡಿದ್ದಕ್ಕೆ ಅಥವಾ ಮುಂದೆ ಏನು ಮಾಡಬೇಕೆಂಬುದಕ್ಕೆ ಕೊಟ್ಟದ್ದು ಎಂಬ ಲೆಕ್ಕ ಅದರೊಳಗೇ ಇತ್ತು. ಕನ್ನಡದಲ್ಲಿ ಕೊಡುವುದನ್ನು ಹೇಳುವ ಹಳೆಯ ಪದಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ, ಎರಡು ತುದಿಯ ಹಗ್ಗದ ಹಾಗೆ ಕೊಟ್ಟವನನ್ನೂ ಪಡೆದವನನ್ನೂ ಒಟ್ಟಿಗೆ ಕಟ್ಟುತ್ತಿದ್ದವು ಎಂಬುದು ನನ್ನ ವಾದ.

ಇಂಗ್ಲಿಷಿನ ಆ ಪದವೂ ಹುಟ್ಟುವಾಗ ಅಂಗಡಿಯದಾಗಿರಲಿಲ್ಲ. ಎದುರಿಗೆ ಹೊತ್ತು ತರುವುದು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಚರ್ಚಿನ ಮೂಲಕ ಅದು ಹಳೆಯ ಇಂಗ್ಲಿಷಿಗೆ ಬಂದಾಗ ದೇವರಿಗೆ ಬಲಿ ಒಪ್ಪಿಸುವುದು ಎಂಬುದೇ ಅರ್ಥ. ಬೆಲೆ ಹೇಳುವುದು, ಕೆಲಸಕ್ಕೆ ಕರೆಯುವುದು, ರಿಯಾಯಿತಿ ಸಾರುವುದು ಎಲ್ಲ ಅದಕ್ಕೆ ಆಮೇಲೆ ಅಂಟಿಕೊಂಡವು. ಹೀಗೆ ಒಂದೇ ಪದ ಬಲಿಪೀಠದಿಂದ ಬಟ್ಟೆ ಅಂಗಡಿಯವರೆಗೆ ಬಂತು. ಕುತೂಹಲದ ಸಂಗತಿಯೆಂದರೆ, ನಮ್ಮ 1872ರ ಭಾರತೀಯ ಕರಾರು ಕಾಯ್ದೆ ಇದೇ ಸಂಗತಿಗೆ ‘ಆಫರ್’ ಎನ್ನದೆ ‘ಪ್ರಪೋಸಲ್’ ಎಂಬ ಪದವನ್ನು ಬಳಸುತ್ತದೆ. ಎದುರಿನವನ ಒಪ್ಪಿಗೆ ಪೂರ್ತಿಯಾಗುವ ತನಕ ಅದನ್ನು ಹಿಂತೆಗೆದುಕೊಳ್ಳಬಹುದು ಎನ್ನುತ್ತದೆ. ಹಿಂತೆಗೆದುಕೊಳ್ಳಬಹುದಾದ ಮಾತು ನಮ್ಮ ಕೊಡಗೆಯೂ ಅಲ್ಲ, ಹರಕೆಯೂ ಅಲ್ಲ.

ಕಲ್ಲುಗಳ ಕಡೆ ತಿರುಗೋಣ. ಬಿ. ಎಲ್. ರೈಸ್ 1898ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳಿವೆ. ಮೈಸೂರು ಸೀಮೆಯ ಶಾಸನಗಳನ್ನು ಒಟ್ಟಾಗಿ ಓದುತ್ತ ಹೋದರೆ ಕೊಡುವುದಕ್ಕೆ ಎಷ್ಟೊಂದು ಹೆಸರುಗಳಿದ್ದವು ಎಂದು ಬೆರಗಾಗುತ್ತದೆ. ಕಾಳಗದಲ್ಲಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿ ನೆತ್ತರುಗೊಡಗೆ. ಕೆರೆ ಕಟ್ಟಿಸಿದವನಿಗೆ, ಅದನ್ನು ಕಾಯುವವನಿಗೆ ಬಿಟ್ಟದ್ದು ಕಟ್ಟುಗೊಡಗೆ, ಕೆರೆಗೊಡಗೆ. ಗೆದ್ದು ಬಂದವನ ಕತ್ತಿ ತೊಳೆದು ಕೊಟ್ಟದ್ದು ಬಾಳ್ಗಚ್ಚು. ಈ ಹೆಸರುಗಳಲ್ಲಿ ಕೊಟ್ಟವನ ಔದಾರ್ಯದ ಸುದ್ದಿಯೇ ಇಲ್ಲ. ನೆತ್ತರು, ಕೆರೆಯ ಏರಿ, ಕತ್ತಿ, ಹೀಗೆ ಪಡೆದವನ ಕೆಲಸವೇ ಹೆಸರಾಗಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ. 949ರ ತಕ್ಕೋಲ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ನಾಯಿಯ ಹೆಸರಿನಲ್ಲಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ಎಂದು ಶಾಸನ ಕಟ್ಟಳೆ ಮಾಡಿದೆ. ಉಣ್ಣುವುದಕ್ಕೂ ದುಡಿಯುವುದಕ್ಕೂ ಇರುವ ಗಂಟನ್ನು ಇಷ್ಟು ಬಿಗಿಯಾಗಿ ಹಾಕಿದ ಮಾತು ಇನ್ನೊಂದು ಸಿಗುವುದು ಕಷ್ಟ.

ಇದನ್ನು ಒಪ್ಪದವರು ಧರ್ಮದ ದಾನವನ್ನು ಮುಂದಿಡಬಹುದು. ಗುಡಿಗೆ, ಬಸದಿಗೆ, ಮಠಕ್ಕೆ ಬಿಟ್ಟ ದತ್ತಿಯಲ್ಲಿ ಪ್ರತಿಫಲದ ಆಸೆಯಿತ್ತೆ, ಅದು ನಿಷ್ಕಾಮವಲ್ಲವೆ ಎನ್ನಬಹುದು. ಮನಸ್ಸಿನ ಮಾತು ಹಾಗಿದ್ದೀತು. ಕಲ್ಲಿನ ಮಾತು ಬೇರೆ. ದತ್ತಿ ಶಾಸನ ನಂದಾದೀಪಕ್ಕೆ, ನೈವೇದ್ಯಕ್ಕೆ, ಜೀರ್ಣೋದ್ಧಾರಕ್ಕೆ ಎಂದು ಖರ್ಚಿನ ಬಾಬನ್ನು ಹೇಳುತ್ತದೆ, ಭೂಮಿಯ ಎಲ್ಲೆಕಟ್ಟು ಬರೆಯುತ್ತದೆ. ಕೊನೆಗೆ, ತಾನು ಕೊಟ್ಟದ್ದನ್ನಾಗಲಿ ಬೇರೆಯವರು ಕೊಟ್ಟದ್ದನ್ನಾಗಲಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗುತ್ತಾನೆ ಎಂಬ ಶಾಪವಿಡುತ್ತದೆ. ಆ ಶಾಪದ ಮೊದಲ ಗುರಿ ಕೊಟ್ಟವನೇ. ಕೊಟ್ಟ ಮೇಲೆ ರಾಜನಿಗೂ ಅದರ ಮೇಲೆ ಕೈಯಿಲ್ಲ ಎಂದು ಊರಿನ ನಡುವೆ ಕಲ್ಲು ನಿಲ್ಲಿಸಿ ಹೇಳಿದ್ದು ಭಕ್ತಿಯಷ್ಟೇ ಅಲ್ಲ, ಅದು ಕಾನೂನು ಕೂಡ.

ಅರಮನೆ, ಗುಡಿಗಳ ಆಚೆ ಜನರ ಬಾಯಲ್ಲಿದ್ದ ಪದಗಳು ಇನ್ನೂ ಸೂಕ್ಷ್ಮ. ಹರಸು ಎಂಬುದರಿಂದ ಬಂದ ಹರಕೆಗೆ ಆಶೀರ್ವಾದ ಎಂಬ ಅರ್ಥವೂ ಉಂಟು, ದೇವರಿಗೆ ಹೊರುವ ಮಾತು ಎಂಬ ಅರ್ಥವೂ ಉಂಟು. ಮೇಲಿನಿಂದ ಇಳಿಯುವುದಕ್ಕೂ ಕೆಳಗಿನಿಂದ ಏರುವುದಕ್ಕೂ ಒಂದೇ ಪದ. ಅರಿಸಿನದ ಬಟ್ಟೆಯಲ್ಲಿ ಕಾಸು ಗಂಟುಕಟ್ಟಿ ಎತ್ತಿಟ್ಟದ್ದು ಮುಡಿಪು. ಮನೆಯಲ್ಲೇ ಇದ್ದರೂ ಅದು ಆಗಲೇ ಮನೆಯವರದಲ್ಲ. ಕಾಣಿಕೆಯಲ್ಲಿ ಕಾಣುವುದು ಇದೆ: ದೊಡ್ಡವರನ್ನು ಬರಿಗೈಯಲ್ಲಿ ಕಾಣಬಾರದು. ಆಳುವವರು ಈ ಸೌಜನ್ಯವನ್ನು ವಸೂಲಿಯಾಗಿ ಮಾಡಿಕೊಂಡಾಗ ‘ಕಪ್ಪಕಾಣಿಕೆ’ ಎಂಬ ಜೋಡುಪದ ಹುಟ್ಟಿತು. ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಡುವುದೂ ಉರುಳುವುದೂ ಪಂಜು ಹಿಡಿಯುವುದೂ ‘ಸೇವೆ’. ದೀಪಾವಳಿಯಲ್ಲಿ ಬೇಡಗಂಪಣರ ಹೆಣ್ಣುಮಕ್ಕಳು ಹಾಲಹಳ್ಳದಿಂದ ನೀರು ಹೊತ್ತು ತರುವುದು ಹಾಲರವೆ. ಬಿಳಿಗಿರಿ ರಂಗನಿಗೆ ದೊಡ್ಡ ಚಮ್ಮಾವುಗೆ ಮಾಡಿ ಒಪ್ಪಿಸುವುದು ಚರ್ಮದ ಕೆಲಸದವರ ಹಕ್ಕು. ರಂಗ ಅದನ್ನು ಮೆಟ್ಟಿ ಕಾಡು ಸುತ್ತುತ್ತಾನೆ ಎಂಬ ನಂಬಿಕೆ. ಸಮಾಜ ಹೊರಗಿಟ್ಟ ಕೈಗಳ ಕೆಲಸ ಇಲ್ಲಿ ದೇವರ ಪಾದಕ್ಕೆ ಸೇರುತ್ತದೆ. ಈ ಸಾಲಿನಲ್ಲಿ ಅತಿ ದೂರ ನಡೆದು ಬಂದದ್ದು ಮೀಸಲು. ಯಾರೂ ಮುಟ್ಟುವ ಮೊದಲು ದೇವರಿಗೆಂದು ತೆಗೆದಿಟ್ಟ ಪಾಲು ಅದು. ಅದೇ ಪದ ಮೀಸಲು ಅರಣ್ಯವಾಯಿತು. ಗುಂಡ್ಲುಪೇಟೆಯ ಪಕ್ಕದ ಬಂಡೀಪುರದ ಕಾಡು 1941ರಲ್ಲಿ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲೇ ವೇಣುಗೋಪಾಲ ವನ್ಯಧಾಮವಾಗಿ, 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಮೈಸೂರು ಸಂಸ್ಥಾನ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿ ತೆರೆದ ದಾರಿಗೆ ಕನ್ನಡ ಕೊಟ್ಟ ಹೆಸರು ಮೀಸಲಾತಿ. ಹಕ್ಕಿನ ಪಾಲನ್ನು ಮೊದಲೇ ತೆಗೆದಿಡಬೇಕು, ಉಳಿದದ್ದನ್ನು ಕೊಡುವುದಲ್ಲ ಎಂಬ ತಿಳಿವು ಆ ಪದದಲ್ಲಿ ಮೊದಲಿನಿಂದಲೂ ಇದ್ದದ್ದೇ.

ಇನ್ನೂ ಗಟ್ಟಿಯಾದ ಆಕ್ಷೇಪ ಒಂದಿದೆ. ಕೊಡಗೆಯ ಆ ಹಗ್ಗ ಹಲವರ ಕುತ್ತಿಗೆಗೆ ಉರುಳಾಗಿತ್ತಲ್ಲವೆ? ನಿಜ, ಆಗಿತ್ತು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಯಳಂದೂರು ಇಡಿಯಾಗಿ ಜಹಗೀರಾಗಿ ಬಂತು. ಊರ ತೋಟಿಗೆ, ತಳವಾರನಿಗೆ, ನೀರುಗಂಟಿಗೆ ತುಂಡು ಇನಾಮು ಭೂಮಿ. ಪೂರ್ಣಯ್ಯನವರಿಗೆ ಅದು ಮಾಡಿ ಮುಗಿಸಿದ ಕೆಲಸದ ಮನ್ನಣೆ. ತೋಟಿಗೆ ಅದು ತಲೆತಲಾಂತರಕ್ಕೂ ಮುಗಿಯದ ಚಾಕರಿ, ಜಾತಿಯೊಂದಿಗೆ ಕಟ್ಟಿಕೊಂಡದ್ದು. ಆದ್ದರಿಂದ 1954 ಮತ್ತು 1955ರ ಇನಾಮು ರದ್ದತಿ ಕಾಯ್ದೆಗಳು, 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಮಾಡಿದ್ದು ನ್ಯಾಯವಾದ ಕೆಲಸ. ಆದರೆ ಇದು ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಮುರಿಯುವುದಿಲ್ಲ. ಹಗ್ಗ ಕಣ್ಣಿಗೆ ಕಂಡದ್ದರಿಂದಲೇ ಅದನ್ನು ಕತ್ತರಿಸಲು ಸಾಧ್ಯವಾಯಿತು. ‘ತೋಟಿ ಇನಾಮು’ ಎಂದಾಗ ಯಾರು ಯಾರಿಗೆ ಏನು ಋಣ ಎಂಬುದು ಬಯಲಾಗಿತ್ತು. ‘ವಿಶೇಷ ಕೊಡುಗೆ’ ಎಂದಾಗ ಕೊಡುವವನು ಅಂಗಡಿಯವನೋ ಕೊಳ್ಳುವವನೋ ಎಂಬುದೇ ಮರೆಯಾಗುತ್ತದೆ. ಚುನಾವಣೆ ಹತ್ತಿರ ಬಂದಾಗ ತೆರಿಗೆಯ ಹಣದ ರಸ್ತೆಯೂ ‘ಸರ್ಕಾರದ ಕೊಡುಗೆ’ ಆಗಿಬಿಡುತ್ತದೆ.

ಭಾಷೆ ಬದಲಾಗುವುದು ಸಹಜ, ಪದಗಳನ್ನು ಕಟ್ಟಿಹಾಕಲಾಗದು ಎಂಬುದು ಒಪ್ಪತಕ್ಕ ಮಾತೇ. ಅಂಗಡಿಗೆ ‘ರಿಯಾಯಿತಿ’ ಇದೆ, ‘ಆಫರ್’ ಎಂದರೂ ಅಡ್ಡಿಯಿಲ್ಲ. ಆ ಪದ ಈಗ ಕನ್ನಡದ್ದೇ. ಹಳೆಯ ಪದಗಳ ಅರ್ಥ ಮಾತ್ರ ಅಳಿಸಿಹೋಗಬಾರದು. ಅವು ಶಾಸನದ ಕಲ್ಲಿನಲ್ಲಷ್ಟೇ ಅಲ್ಲ, ಹೊಲಗಳ ಹೆಸರಿನಲ್ಲಿ, ಹಿರಿಯರ ಮಾತಿನಲ್ಲಿ ಉಳಿದಿವೆ. ಹರವೆ ಹೋಬಳಿಯ, ಅದರ ಆಚೀಚಿನ ಊರುಗಳ ಶಿಕ್ಷಕರು ಒಂದು ಕೆಲಸ ಮಾಡಬೇಕು: ತಮ್ಮ ಊರಿನಲ್ಲಿ ಕೊಡಗೆ, ಮಾನ್ಯ, ಉಂಬಳಿ, ಇನಾಮು ಎಂಬ ಹೆಸರು ಹೊತ್ತ ಹೊಲ ಯಾವುದಿದೆ, ಅದು ಯಾವ ಕೆಲಸಕ್ಕೆ ಬಿಟ್ಟದ್ದು ಎಂಬುದನ್ನು ಮಕ್ಕಳಿಂದ ಕೇಳಿಸಿ ಬರೆಸಿಡಬೇಕು, ಆ ಹೆಸರು ಬಲ್ಲ ಮುದುಕರು ಇರುವಾಗಲೇ.