ಹಾಲೆಂಡ್ ಪತ್ರ – 14: ಹಿಮ್ಮಡಿಯ ನಾಲ್ಕು ಹನಿ ರಕ್ತ

"ಮಕ್ಕಳ ಬುದ್ಧಿ ಚುರುಕಾಗೋ ಅಮೈನೊ ಆಸಿಡ್ ಪುಡಿ ಬರುವಾಗ ತಗೊಂಡು ಬಾ" ಅಂತ ಊರಿಂದ ಮೂರ್ನಾಲ್ಕು ಜನ ಕೇಳಿದ್ದೀರಿ. ಉತ್ತರವಾಗಿ ಈ ಸಲ ಸ್ವಲ್ಪ ಇತಿಹಾಸ.

ಬೇಳೆ, ಹಾಲು, ಮೊಟ್ಟೆಯ ಪ್ರೋಟೀನ್ ಹೊಟ್ಟೆಯಲ್ಲಿ ಅರಗಿದಾಗ ಸಿಗುವ ಚೂರುಗಳೇ ಅಮೈನೊ ಆಸಿಡ್. 1940ರ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಝಿಮ್ಮರ್‌ಮನ್ ತಂಡ, ಬುದ್ಧಿ ಬೆಳವಣಿಗೆ ಕಡಿಮೆಯಿದ್ದ ಮಕ್ಕಳಿಗೆ ಗ್ಲುಟಾಮಿಕ್ ಆಸಿಡ್ ಕೊಟ್ಟು, ಐಕ್ಯೂ ಏರಿತು ಎಂದು ವರದಿ ಮಾಡಿತು. ಆದರೆ ಅದನ್ನು ತಿಂದ ಮಕ್ಕಳನ್ನು ತಿನ್ನದ ಮಕ್ಕಳ ಜೊತೆ ಸರಿಯಾಗಿ ಹೋಲಿಸಿದ ಅಧ್ಯಯನಗಳಲ್ಲಿ ಆ ಲಾಭ ಕಾಣಲಿಲ್ಲ. 1960ರಲ್ಲಿ ಆಸ್ಟಿನ್ ಮತ್ತು ರಾಸ್ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ಇದನ್ನೇ ತೋರಿಸಿದರು.

ನಿಜವಾಗಿ ಬುದ್ಧಿ ಉಳಿಸಿದ ದಾರಿ ಇದಕ್ಕೆ ಉಲ್ಟಾ. ನಾರ್ವೆಯಲ್ಲಿ ಒಬ್ಬ ತಾಯಿಯ ಇಬ್ಬರು ಮಕ್ಕಳಿಗೂ ಬುದ್ಧಿ ಬೆಳೆಯಲಿಲ್ಲ, ಮೂತ್ರಕ್ಕೆ ವಿಚಿತ್ರ ವಾಸನೆ. ಆಕೆ ಡಾಕ್ಟರಿಂದ ಡಾಕ್ಟರಿಗೆ ಅಲೆದಳು. ಕೊನೆಗೆ 1934ರಲ್ಲಿ ಆಸ್ಬ್ಯೋರ್ನ್ ಫೋಲಿಂಗ್ ಆ ಮೂತ್ರ ಪರೀಕ್ಷಿಸಿ ಕಾಯಿಲೆಯ ಸುಳಿವು ಹಿಡಿದರು. ಅದೇ ಪಿಕೆಯು. ಫಿನೈಲ್‌ಅಲನಿನ್ ಎಂಬ ಅಮೈನೊ ಆಸಿಡ್ ಈ ಮಕ್ಕಳ ಮೈಯಲ್ಲಿ ಕರಗದೆ ಸೇರುತ್ತಾ ಹೋಗಿ ಮಿದುಳಿಗೆ ಹಾನಿ ಮಾಡುತ್ತದೆ. 1950ರ ದಶಕದ ಆರಂಭದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹೋರ್ಸ್ಟ್ ಬಿಕೆಲ್ ತಂಡ, ಆ ಒಂದನ್ನು ತೆಗೆದ ಅಮೈನೊ ಆಸಿಡ್ ಆಹಾರವನ್ನು ಎರಡು ವರ್ಷದ ಮಗುವಿಗೆ ಕೊಟ್ಟಿತು. ಮಗು ತೆವಳಿತು, ನಿಂತಿತು. ಆದರೆ ಅಷ್ಟರೊಳಗೆ ಆದ ಹಾನಿ ಹಿಂದಿರುಗುವಂಥದ್ದಲ್ಲ. ಹುಟ್ಟಿದ ಕೂಡಲೇ ಪತ್ತೆಯಾಗಬೇಕಿತ್ತು. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗಥ್ರಿ, ಕಾಗದದ ಮೇಲೆ ಒಣಗಿಸಿದ ರಕ್ತದ ಹನಿಯಲ್ಲೇ ಅದನ್ನು ಪತ್ತೆ ಹಚ್ಚುವ ಪರೀಕ್ಷೆ ತಂದರು.

ನೆದರ್‌ಲ್ಯಾಂಡ್ಸ್ 1974ರಿಂದ ಇದನ್ನು ದೇಶದ ಎಲ್ಲ ಶಿಶುಗಳಿಗೂ ಮಾಡುತ್ತಿದೆ. ಇಲ್ಲಿ ಇದರ ಹೆಸರು 'ಹೀಲ್‌ಪ್ರಿಕ್', ಅಂದರೆ ಹಿಮ್ಮಡಿ ಚುಚ್ಚುವುದು. ಹುಟ್ಟಿದ 72 ಗಂಟೆಯ ನಂತರ, ವಾರದೊಳಗೆ, ಸಾಮಾನ್ಯವಾಗಿ ಮನೆಗೇ ಬಂದು ಕಾರ್ಡಿನ ಮೇಲೆ ಕೆಲವು ಹನಿ ತೆಗೆದುಕೊಳ್ಳುತ್ತಾರೆ. ಈಗ ಅದರಲ್ಲೇ ಇನ್ನೂ ಹಲವು ಕಾಯಿಲೆಗಳನ್ನು ನೋಡುತ್ತಾರೆ. ಪಿಕೆಯು ಸಿಕ್ಕರೆ ಮಾಂಸ, ಮೊಟ್ಟೆ, ಚೀಸ್ ಬಿಡಬೇಕು. ನಮ್ಮ ಬೇಳೆ ಸಾರೂ ಅಳತೆ ಮೀರುವಂತಿಲ್ಲ. ಪ್ರೋಟೀನಿನ ಬದಲಿಗೆ ವಿಶೇಷ ಅಮೈನೊ ಆಸಿಡ್ ಪುಡಿ. ಬೇಗ ಶುರುಮಾಡಿದ ಮಕ್ಕಳು ಎಲ್ಲರಂತೆ ಶಾಲೆಗೆ ಹೋಗುತ್ತಾರೆ.

ಹಾಗಾಗಿ ಆ ಪುಡಿ ಈ ಮಕ್ಕಳಿಗೆ ಔಷಧಿ. ಚೆನ್ನಾಗಿ ಉಂಡು ಆಡಿಕೊಂಡಿರುವ ನಿಮ್ಮ ಮಕ್ಕಳಿಗೆ ಬೇಡ, ನಾನು ತರುವುದೂ ಇಲ್ಲ. ನಮ್ಮಲ್ಲಿ ಈ ಪರೀಕ್ಷೆ ಎಲ್ಲ ಆಸ್ಪತ್ರೆಯಲ್ಲೂ ತಾನಾಗಿ ಆಗುವುದಿಲ್ಲ. ಮನೆಯಲ್ಲಿ ಬಸುರಿಯರಿದ್ದರೆ, "ಮಗು ಹುಟ್ಟಿದ ಮೇಲೆ ಹಿಮ್ಮಡಿ ರಕ್ತ ಪರೀಕ್ಷೆ ಮಾಡ್ತೀರಾ?" ಅಂತ ಡಾಕ್ಟರನ್ನು ಈಗಲೇ ಕೇಳಿಡಿ. ಪುಡಿಯ ದುಡ್ಡು ಅದಕ್ಕಿರಲಿ.