ಸ್ಪ್ಯಾಫರ್ಡ್ ದಂಪತಿ ಮತ್ತು ಜೆರುಸಲೇಮಿನ ಅಮೆರಿಕನ್ ಕಾಲೊನಿ

ಹೊರೇಷಿಯೊ ಗೇಟ್ಸ್ ಸ್ಪ್ಯಾಫರ್ಡ್ (1828-88) ಮತ್ತು ಅನ್ನಾ ಸ್ಪ್ಯಾಫರ್ಡ್ (1842-1923) ಅಮೆರಿಕದ ಶಿಕಾಗೊ ನಗರದ ಕ್ರೈಸ್ತ ದಂಪತಿ. ನಾಲ್ವರು ಹೆಣ್ಣುಮಕ್ಕಳನ್ನು ಸಮುದ್ರದಲ್ಲೂ ಒಬ್ಬ ಮಗನನ್ನು ಜ್ವರದಲ್ಲೂ ಕಳೆದುಕೊಂಡ ಇವರು 1881ರಲ್ಲಿ ಜೆರುಸಲೇಮಿಗೆ ಹೋಗಿ ನೆಲೆಸಿದರು. ಇವರು ಅಲ್ಲಿ ಕಟ್ಟಿದ ಸಮುದಾಯಕ್ಕೆ ಅಮೆರಿಕನ್ ಕಾಲೊನಿ ಎಂಬ ಹೆಸರು ಬಂತು. ‘ಇಟ್ ಈಸ್ ವೆಲ್ ವಿತ್ ಮೈ ಸೋಲ್’ ಎಂಬ ಪ್ರಸಿದ್ಧ ಕೀರ್ತನೆಯನ್ನು ರಚಿಸಿದವನು ಹೊರೇಷಿಯೊ. ಆ ಕೀರ್ತನೆಯ ಕಥೆಯನ್ನು ಬಲ್ಲವರು ಬಹಳ. ಅದರ ನಂತರ ನಾಲ್ಕು ದಶಕಗಳಿಗೂ ಮಿಕ್ಕಿ ಈ ಕುಟುಂಬ ನಡೆಸಿದ ಸೇವೆಯನ್ನು ಬಲ್ಲವರು ಕಡಿಮೆ. ದುಃಖದಲ್ಲಿ ಕ್ರೈಸ್ತ ನಿರೀಕ್ಷೆ ಹೇಗೆ ಪರರ ಸೇವೆಯಾಗಿ ಬೆಳೆಯಬಲ್ಲದು ಎಂಬುದು ಎರಡನ್ನೂ ಒಟ್ಟಿಗೆ ನೋಡಿದಾಗಲೇ ತಿಳಿಯುತ್ತದೆ.

ಶಿಕಾಗೊ ದಿನಗಳು

ಹೊರೇಷಿಯೊ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿ ಶಿಕಾಗೊದಲ್ಲಿ ವಕೀಲನಾಗಿ ಹೆಸರು ಮಾಡಿದ. ಅನ್ನಾಳ ಹುಟ್ಟೂರು ನಾರ್ವೆಯ ಸ್ಟವಾಂಗರ್. 1861ರಲ್ಲಿ ಇವರ ಮದುವೆಯಾಯಿತು. ಇಬ್ಬರೂ ಪ್ರೆಸ್ಬಿಟೇರಿಯನ್ ಸಭೆಗೆ ಸೇರಿದವರು. ಸುವಾರ್ತಾ ಪ್ರಚಾರಕ ಡ್ವೈಟ್ ಎಲ್. ಮೂಡಿಗೆ ಆಪ್ತರು. 1871ರ ಅಕ್ಟೋಬರಿನಲ್ಲಿ ಶಿಕಾಗೊ ನಗರವನ್ನು ಸುಟ್ಟ ಮಹಾಬೆಂಕಿಯಿಂದ ಹೊರೇಷಿಯೊ ಜಮೀನು-ಕಟ್ಟಡಗಳಲ್ಲಿ ಹೂಡಿದ್ದ ಹಣಕ್ಕೆ ಭಾರಿ ಪೆಟ್ಟು ಬಿತ್ತು. ಆದರೂ ದಂಪತಿ ಮನೆಮಠ ಕಳೆದುಕೊಂಡವರ ನೆರವಿಗೆ ನಿಂತರು.

ವಿಲ್ ದು ಹಾವ್ರ್ ದುರಂತ

1873ರ ನವೆಂಬರಿನಲ್ಲಿ ಕುಟುಂಬ ಯೂರೋಪ್ ಪ್ರವಾಸಕ್ಕೆ ಹೊರಟಿತು. ವ್ಯವಹಾರದ ತೊಡಕಿನಿಂದಾಗಿ ಹೊರೇಷಿಯೊ ಹಿಂದೆ ಉಳಿದ. ಅನ್ನಾ ತನ್ನ ಮಕ್ಕಳಾದ ಆ್ಯನಿ, ಮ್ಯಾಗಿ, ಬೆಸ್ಸಿ ಮತ್ತು ಟನೆಟಾರೊಂದಿಗೆ ವಿಲ್ ದು ಹಾವ್ರ್ ಎಂಬ ಫ್ರೆಂಚ್ ಉಗಿಹಡಗನ್ನು ಹತ್ತಿದಳು. ನವೆಂಬರ್ 22ರಂದು ಅಟ್ಲಾಂಟಿಕ್ ಸಾಗರದ ನಡುವೆ ಈ ಹಡಗಿಗೂ ಲಾಕ್ ಅರ್ನ್ ಎಂಬ ಕಬ್ಬಿಣದ ಹಾಯಿಹಡಗಿಗೂ ಡಿಕ್ಕಿಯಾಯಿತು. ಸುಮಾರು 12 ನಿಮಿಷಗಳಲ್ಲಿ ಉಗಿಹಡಗು ಮುಳುಗಿತು. 226 ಮಂದಿ ಸತ್ತರು. ನಾಲ್ವರು ಮಕ್ಕಳೂ ನೀರುಪಾಲಾದರು. ಪ್ರಜ್ಞೆ ತಪ್ಪಿ ತೇಲುತ್ತಿದ್ದ ಅನ್ನಾಳನ್ನು ರಕ್ಷಣಾ ದೋಣಿಯವರು ಎತ್ತಿಕೊಂಡರು. ಬದುಕುಳಿದವರು ವೇಲ್ಸ್‌ನ ಕಾರ್ಡಿಫ್ ಬಂದರು ಸೇರಿದರು. ತಾನೊಬ್ಬಳೇ ಉಳಿದಿರುವುದಾಗಿ ಅನ್ನಾ ಅಲ್ಲಿಂದ ಗಂಡನಿಗೆ ತಂತಿ ಕಳಿಸಿದಳು.

ಕೀರ್ತನೆ

ಹೆಂಡತಿಯನ್ನು ಕರೆತರಲು ಹೊರೇಷಿಯೊ ಸಮುದ್ರ ದಾಟುತ್ತಿದ್ದಾಗ, ದುರಂತ ನಡೆದ ಸ್ಥಳವನ್ನು ಕಪ್ತಾನ ತೋರಿಸಿದನೆಂದೂ ಕೀರ್ತನೆ ಹುಟ್ಟಿದ್ದು ಆಗಲೇ ಎಂದೂ ಕುಟುಂಬದವರು ಹೇಳುತ್ತ ಬಂದರು. ಆದರೆ ಇಂದು ಉಳಿದಿರುವ ಹಸ್ತಪ್ರತಿ ಶಿಕಾಗೊದ ಹೋಟೆಲೊಂದರ ಕಾಗದದ ಮೇಲಿದೆ. ಹಾಗಾಗಿ ಕೀರ್ತನೆ ಈಗಿನ ರೂಪ ಪಡೆದದ್ದು ಸ್ವಲ್ಪ ಕಾಲದ ನಂತರ ಎಂಬ ಅಭಿಪ್ರಾಯವೂ ಇದೆ. ಸಂಗೀತಗಾರ ಫಿಲಿಪ್ ಬ್ಲಿಸ್ ಅದಕ್ಕೆ ರಾಗ ಕೂಡಿಸಿ 1876ರಲ್ಲಿ ಪ್ರಕಟಿಸಿದ. ರಾಗಕ್ಕೆ ಮುಳುಗಿದ ಹಡಗಿನದೇ ಹೆಸರು. ಅದೇ ವರ್ಷದ ಡಿಸೆಂಬರಿನಲ್ಲಿ ಆ್ಯಷ್ಟಬ್ಯೂಲಾ ರೈಲು ದುರಂತದಲ್ಲಿ ಬ್ಲಿಸ್ ಕೂಡ ತೀರಿಕೊಂಡ. ಕೀರ್ತನೆಯಲ್ಲಿ ದುಃಖದ ಅಲ್ಲಗಳೆಯುವಿಕೆ ಇಲ್ಲ. ಶಿಲುಬೆಯ ಮೇಲೂ ಕ್ರಿಸ್ತನ ಪುನರಾಗಮನದ ಮೇಲೂ ಇಟ್ಟ ಭರವಸೆಯೇ ಅದರ ನೆಲೆ. ಲೋಕದಾದ್ಯಂತ ಶವಸಂಸ್ಕಾರದ ಆರಾಧನೆಗಳಲ್ಲಿ ಇಂದಿಗೂ ಅದನ್ನು ಹಾಡುತ್ತಾರೆ.

ಮಗನ ಸಾವು, ಸಭೆಯೊಡನೆ ಬಿರುಕು

ದುರಂತದ ಬಳಿಕ ಈ ದಂಪತಿಗೆ ಹೊರೇಷಿಯೊ, ಬರ್ತಾ, ಗ್ರೇಸ್ ಎಂಬ ಮೂವರು ಮಕ್ಕಳು ಹುಟ್ಟಿದರು. 1880ರಲ್ಲಿ ಪುಟ್ಟ ಹೊರೇಷಿಯೊ ಸ್ಕಾರ್ಲೆಟ್ ಜ್ವರದಿಂದ ಸತ್ತ. ಮೇಲಿಂದ ಮೇಲೆ ಎರಗಿದ ಈ ಆಪತ್ತುಗಳು ಯಾವುದೋ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯಿರಬೇಕೆಂಬ ಮಾತು ಸುತ್ತಲಿನವರಲ್ಲಿ ಕೇಳಿಬಂತು. ಸತ್ಯವೇದದ ಯೋಬನಿಗೆ ಅವನ ಗೆಳೆಯರು ಹೇಳಿದ್ದೂ ಇಂಥದೇ ಮಾತು. ಹೆತ್ತವರ ಸಂಕಟಕ್ಕೆ ಇಂಥ ವಿವರಣೆ ಬರೆ ಎಳೆದ ಹಾಗೆ. ಸ್ಪ್ಯಾಫರ್ಡ್ ದಂಪತಿ ಅದನ್ನು ಒಪ್ಪಲಿಲ್ಲ. ನಿತ್ಯನರಕದ ಬೋಧನೆಯನ್ನೂ ಕೈಬಿಟ್ಟು, ದೇವರ ಪ್ರೀತಿಗೆ ಎಲ್ಲೆಯಿಲ್ಲ ಎಂಬ ನಂಬಿಕೆಗೆ ಬಂದರು. ಸಭೆಯೊಡನೆ ಸಂಬಂಧ ಮುರಿಯಿತು. 1881ರಲ್ಲಿ ಕೆಲವು ಸಂಗಡಿಗರೊಂದಿಗೆ ಅವರು ಜೆರುಸಲೇಮಿಗೆ ಹೊರಟರು.

ಜೆರುಸಲೇಮಿನಲ್ಲಿ

ಒಟ್ಟೋಮನ್ ಆಳ್ವಿಕೆಯಲ್ಲಿದ್ದ ಜೆರುಸಲೇಮಿನ ಹಳೆಯ ನಗರದಲ್ಲಿ ಕೋಟೆಗೋಡೆಗೆ ಒತ್ತಿಕೊಂಡಿದ್ದ ಮನೆಯೊಂದರಲ್ಲಿ ಗುಂಪು ನೆಲೆಸಿತು. ಆದಿಕ್ರೈಸ್ತರ ಮಾದರಿಯಲ್ಲಿ ಅವರದು ಒಂದೇ ಅಡುಗೆಮನೆ, ಹಂಚಿಕೊಂಡ ಆಸ್ತಿ. ಬಂದವರಿಗೆಲ್ಲ ಬಾಗಿಲು ತೆರೆದಿತ್ತು. ಮತಾಂತರದ ಗುರಿಯನ್ನು ಅವರು ಇಟ್ಟುಕೊಳ್ಳಲಿಲ್ಲ. ಹೀಗಾಗಿ ಮುಸ್ಲಿಮರು, ಯಹೂದಿಗಳು, ಕ್ರೈಸ್ತರು ಎನ್ನದೆ ಎಲ್ಲ ನೆರೆಹೊರೆಯವರ ವಿಶ್ವಾಸ ಸಿಕ್ಕಿತು. 1882ರಲ್ಲಿ ಯೆಮೆನ್‌ನಿಂದ ಬಂದು ಬೀದಿಪಾಲಾಗಿದ್ದ ಯಹೂದಿಗಳಿಗೆ ಇವರು ನೆರವಾದರು. ಯಹೂದಿ ಮನೆತನದಲ್ಲಿ ಹುಟ್ಟಿದ ಜೇಕಬ್ ಎಲಿಯಾಹು ಇವರ ದತ್ತುಮಗನಾದ. ಬಾಲಕನಾಗಿದ್ದಾಗಲೇ, 1880ರಲ್ಲಿ, ಪ್ರಾಚೀನ ಸಿಲೋವ ಶಾಸನವನ್ನು ಕಂಡುಹಿಡಿದವನು ಈತ.

1888ರಲ್ಲಿ ಹೊರೇಷಿಯೊ ಮಲೇರಿಯಾದಿಂದ ತೀರಿಕೊಂಡ. ಮುಂದಾಳುತನ ಅನ್ನಾಳ ಹೆಗಲೇರಿತು. 1896ರಲ್ಲಿ ಶಿಕಾಗೊದ ಸ್ವೀಡಿಷ್ ಕುಟುಂಬಗಳೂ ಸ್ವೀಡನ್ನಿನ ನೋಸ್ ಎಂಬ ಹಳ್ಳಿಯ ರೈತರೂ ಬಂದು ಸೇರಿದರು. ಸಮುದಾಯ ದೊಡ್ಡದಾಗಿ ಶೇಖ್ ಜರ್ರಾಹ್ ಬಡಾವಣೆಯ ವಿಶಾಲ ಮನೆಗೆ ಸ್ಥಳಾಂತರವಾಯಿತು. ಈ ರೈತರ ವಲಸೆಯೇ ಸೆಲ್ಮಾ ಲಾಗರ್ಲೋಫ್ ಬರೆದ ‘ಜೆರುಸಲೇಮ್’ ಕಾದಂಬರಿಯ ವಸ್ತು. ಬೇಸಾಯ, ಬೇಕರಿ, ನೇಯ್ಗೆ, ಛಾಯಾಗ್ರಹಣಗಳಿಂದ ಕಾಲೊನಿ ತನ್ನ ಖರ್ಚು ತೂಗಿಸಿತು. ಅದರ ಛಾಯಾಗ್ರಾಹಕರು 1915ರ ಮಿಡತೆ ಹಾವಳಿಯನ್ನು ಹಂತಹಂತವಾಗಿ ದಾಖಲಿಸಿದರು.

ಯುದ್ಧಕಾಲ

ಮೊದಲ ಮಹಾಯುದ್ಧದಲ್ಲಿ ಮಿಡತೆ, ಬರ, ಸಾಂಕ್ರಾಮಿಕ ರೋಗ ಎಲ್ಲವೂ ನಗರದ ಮೇಲೆ ಒಟ್ಟಿಗೆ ಬಿದ್ದವು. ಕಾಲೊನಿ ಗಂಜಿಕೇಂದ್ರ ತೆರೆದು ಸಾವಿರಾರು ಜನರ ಹಸಿವು ತಣಿಸಿತು. ಗಾಯಾಳು ಸೈನಿಕರ ಶುಶ್ರೂಷೆ ಮಾಡಿತು. 1917ರ ಡಿಸೆಂಬರ್ 9ರಂದು ನಗರದ ಮೇಯರ್ ಬ್ರಿಟಿಷರಿಗೆ ಶರಣಾಗಲು ಹೊರಟಾಗ ಹಿಡಿದ ಬಿಳಿ ಬಾವುಟ ಕಾಲೊನಿಯವರು ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯ ಹಾಸಿಗೆ ಹೊದಿಕೆ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ ಅದನ್ನು ಕಾಪಿಡಲಾಗಿದೆ.

ಮಕ್ಕಳ ಮನೆ

ಅನ್ನಾ 1923ರಲ್ಲಿ ತೀರಿಕೊಂಡಳು. 1925ರ ಕ್ರಿಸ್ಮಸ್ ಮುನ್ನಾದಿನ ಮಗಳು ಬರ್ತಾ ಕೀರ್ತನೆ ಹಾಡಲು ಬೆತ್ಲೆಹೇಮಿಗೆ ಹೊರಟಿದ್ದಳು. ದಾರಿಯಲ್ಲಿ ಒಬ್ಬ ಅರಬ್ ಗಂಡಸು, ಕತ್ತೆಯ ಮೇಲೆ ಕಾಯಿಲೆಯಿಂದ ಬಳಲಿದ ಅವನ ಹೆಂಡತಿ, ಜೊತೆಗೊಂದು ಹಸುಗೂಸು ಕಂಡರು. ಹೆಂಗಸನ್ನು ಆಸ್ಪತ್ರೆಗೆ ಸೇರಿಸಲು ಬರ್ತಾ ಓಡಾಡಿದಳು. ಆದರೆ ಆಕೆ ಉಳಿಯಲಿಲ್ಲ. ಮರುದಿನ ಆ ತಂದೆ ಕೂಸನ್ನು ತಂದು, ಸಾಕಿಕೊಳ್ಳಿ ಎಂದು ಬೇಡಿಕೊಂಡ. ಬರ್ತಾ ಆ ಗಂಡುಮಗುವಿಗೆ ನೋಯೆಲ್ ಎಂದು ಹೆಸರಿಟ್ಟು ಒಪ್ಪಿಕೊಂಡಳು. ಹೀಗೆ ಹಳೆಯ ನಗರದ ಮೊದಲ ಮನೆಯಲ್ಲೇ ಅನ್ನಾ ಸ್ಪ್ಯಾಫರ್ಡ್ ಶಿಶುಗೃಹ ಶುರುವಾಯಿತು. ಅದೇ ಇಂದಿನ ಸ್ಪ್ಯಾಫರ್ಡ್ ಮಕ್ಕಳ ಕೇಂದ್ರ. ಶೇಖ್ ಜರ್ರಾಹ್ ಮನೆ ಈಗ ಅಮೆರಿಕನ್ ಕಾಲೊನಿ ಹೋಟೆಲ್.

ಟೀಕೆ ಮತ್ತು ಮಹತ್ವ

ಕಾಲೊನಿ ಟೀಕೆಗೆ ಹೊರತಾಗಿರಲಿಲ್ಲ. ಹೊರೇಷಿಯೊ ಶಿಕಾಗೊ ಬಿಟ್ಟಾಗ ಅಲ್ಲಿ ಸಾಲ ಬಾಕಿಯಿತ್ತು. ಅನ್ನಾಳ ಆಡಳಿತ ಬಿಗಿಯಾಗಿತ್ತು. ವರ್ಷಗಟ್ಟಲೆ ಸದಸ್ಯರ ಮೇಲೆ ಬ್ರಹ್ಮಚರ್ಯ ಹೇರಲಾಗಿತ್ತು. ಅಮೆರಿಕದ ಕಾನ್ಸಲ್ ಸೀಲಾ ಮೆರಿಲ್ ಇವರನ್ನು ಕಟುವಾಗಿ ವಿರೋಧಿಸಿದ. ಈ ಕೊರತೆಗಳನ್ನು ಮುಚ್ಚಿಡಬೇಕಾದ್ದಿಲ್ಲ. ಅಪಾರ ನೋವುಂಡ ಸಾಮಾನ್ಯ ಮನುಷ್ಯರು ಇವರು. ದೋಷವಿಲ್ಲದ ಸಂತರೆಂದು ಇವರನ್ನು ಬಣ್ಣಿಸಿದರೆ ಇವರ ಬದುಕಿನ ಅರ್ಥವೇ ಕುಗ್ಗುತ್ತದೆ.

ತಮ್ಮ ಮಕ್ಕಳು ಯಾಕೆ ಸತ್ತರು ಎಂಬ ಪ್ರಶ್ನೆಗೆ ಸ್ಪ್ಯಾಫರ್ಡ್ ದಂಪತಿ ಸಿದ್ಧ ಉತ್ತರ ಕೊಡಲಿಲ್ಲ. ಬೇರೆಯವರು ಕೊಟ್ಟ ಕ್ರೂರ ಉತ್ತರವನ್ನು ಒಪ್ಪಲೂ ಇಲ್ಲ. ಅಗಲಿದವರನ್ನು ಮತ್ತೆ ಕಾಣುವೆವೆಂಬ ನಂಬಿಕೆ ಅವರಿಗೆ ಸಾಂತ್ವನವನ್ನಷ್ಟೇ ಅಲ್ಲ, ಕೆಲಸವನ್ನೂ ಕೊಟ್ಟಿತು. ಕ್ರೈಸ್ತ ನಿರೀಕ್ಷೆಯನ್ನು ದುಃಖ ಮರೆಸುವ ಮದ್ದೆಂದು ತಿಳಿಯುವವರಿಗೆ ಈ ಕುಟುಂಬದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ದುಃಖ ಕೊನೆಯತನಕ ಜೊತೆಗಿದ್ದರೂ ಹಸಿದವರಿಗೆ ಉಣ್ಣಿಸಬಹುದು, ಅನಾಥ ಕೂಸನ್ನು ಎತ್ತಿಕೊಳ್ಳಬಹುದು. ನಂಬಿಕೆಯುಳ್ಳವರು ಕಾಯುವ ಕಾಲವನ್ನು ಹೀಗೆಯೇ ಕಳೆಯಬೇಕು.